ಅವ್ವನ ಜೊತೆ ಗೋಲ್ಡನ್ ಟೆಂಪಲ್, ಮಾರನೇ ದಿನ ಹಟ್ಟಿಹೊಳೆ ರಸ್ತೆ

ಶುಕ್ರವಾರ ರಾತ್ರಿ

ಕೊಡಗಿನವ್ರಿಗೆ ಗೋಲ್ಡನ್ ಟೆಂಪಲ್, ಅದೇ ಕುಶಾಲನಗರದ ಹತ್ರ ಬೈಲಕುಪ್ಪೆಯ ಟಿಬೆಟಿನವ್ರ ಬೌದ್ಧ ಮಠ, ಅಂದ್ರೆ ನೆಂಟರನ್ನ ಕರ್ಕೊಂಡು ಹೋಗೋ ಜಾಗ, ತಾವಾಗೇ ಎದ್ದು ಹೋಗೋ ಜಾಗ ಅಲ್ಲ. ನಾನೇ ಲೆಕ್ಕ ಹಾಕಿದ್ರೆ ಒಂದು ಹದಿನೈದು ಸಲ ಆದ್ರೂ ಹೋಗಿರ್ಬೋದು, ಕಾಲೇಜ್ ಫ್ರೆಂಡ್ಸ್ ಬಂದಾಗ, ಆಫೀಸಿನವ್ರು ಬಂದಾಗ, ಹೆಂಡತಿ ಕಡೆ ನೆಂಟ್ರು ಬಂದಾಗ, ಪ್ರತಿ ಸಲನೂ ಅದೇ ಕತೆ, ಗೇಟಲ್ಲಿ ಇಳ್ಸಿ ನೀವ್ ನೋಡ್ಕೊಂಡ್ ಬನ್ನಿ ನಾನಿಲ್ಲೇ ಇರ್ತೀನಿ ಅನ್ನೋದು, ಎದುರಿನ ಅಂಗಡಿ ಸಾಲಲ್ಲಿ ಒಂದು ಪ್ಲೇಟ್ ಮೊಮೊ ತಿಂದು ಫೋನ್ ನೋಡ್ತಾ ಕೂರೋದು. ಅವ್ವ ಅಂತೂ ಒಂದೇ ಒಂದು ಸಲನೂ ಹೋಗಿರ್ಲಿಲ್ಲ. ಮೈಸೂರಿಗೆ ಹೋಗುವಾಗ ಬಸ್ಸಿಂದ ಆ ಬಣ್ಣಬಣ್ಣದ ಬಾವುಟ ನೋಡಿದ್ದು ಅಷ್ಟೆ.

ಈ ಸಲ ಹೊರಟಿದ್ದು ಮಗಳಿಂದ. ಅವಳಿಗೆ ಒಂಬತ್ತು ವರ್ಷ, ಸ್ಕೂಲಲ್ಲಿ ಯಾವ್ದೋ ಪ್ರಾಜೆಕ್ಟಿಗೆ ಬೆಟ್ಟದ ತುದೀಲಿ ಕೂತಿರೋ ಬೌದ್ಧ ಮಠದ ಚಿತ್ರ ಅಂಟ್ಸಿದ್ಲು, ಹಿಂದೆ ಹಿಮದ ಬೆಟ್ಟ, ಮುಂದೆ ಮೋಡ. ನಮ್ಮೂರಲ್ಲೇ ಒಂದು ಉಂಟು ಅಂತ ಬಾಯಿ ತಪ್ಪಿ ಹೇಳ್ಬಿಟ್ಟೆ. ಆಮೇಲೆ ಬಿಡ್ಬೇಕಲ್ಲ. ಹೆಂಡತಿಗೆ ಆ ವಾರ ಆಡಿಟ್ ಇತ್ತು, ನೀವಿಬ್ರೇ ಹೋಗಿ ನಂಗೂ ಎರಡು ದಿನ ನೆಮ್ಮದಿ ಅಂದ್ಲು, ಅಕ್ಟೋಬರ್ ಮೊದಲ ವಾರದ ಒಂದು ಶುಕ್ರವಾರ ರಾತ್ರಿ ಮೈಸೂರು ರೋಡಿನ ಸ್ಯಾಟಲೈಟ್ ಬಸ್‌ಸ್ಟ್ಯಾಂಡಲ್ಲಿ ಮಡಿಕೇರಿ ಬಸ್ ಹತ್ತಿದ್ವಿ. ಬಸ್ ತುಂಬಾ ಟ್ರಾವೆಲ್ ಬ್ಯಾಗು, ಹೊಸ ಟ್ರೆಕ್ಕಿಂಗ್ ಶೂ, ಹೋಮ್‌ಸ್ಟೇ ಲೊಕೇಶನ್ ಕೇಳೋ ಫೋನ್ ಕಾಲು. ಊರಿಗೆ ಅಂತ ಹೋಗ್ತಿದ್ದವ್ರು ನಾವು ಮತ್ತೆ ಹಿಂದಿನ ಸೀಟಲ್ಲಿ ಮೂಟೆ ಇಟ್ಕೊಂಡಿದ್ದ ಒಬ್ರು ಅಜ್ಜ ಇಷ್ಟೇ ಅನ್ಸುತ್ತೆ.

ಹುಣಸೂರು ದಾಟಿದ್ದು ಗೊತ್ತಾಗ್ಲಿಲ್ಲ, ನಿದ್ದೆ. ಕುಶಾಲನಗರದ ಸೇತುವೆ ಮೇಲೆ ಯಾವಾಗ್ಲೂ ಎಚ್ಚರ ಆಗುತ್ತೆ ನಂಗೆ, ಯಾಕೋ ಗೊತ್ತಿಲ್ಲ. ಕೆಳಗೆ ಕಾವೇರಿ, ಈ ಕಡೆ ಮೈಸೂರು ಜಿಲ್ಲೆ, ಆ ಕಡೆ ಕೊಡಗು. ಅಂದ್ಹಾಗೆ ಬೈಲಕುಪ್ಪೆ ಕೊಡಗಲ್ಲ, ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲೂಕು, ಆದ್ರೆ ಕೂರ್ಗ್ ಟೂರ್ ಪ್ಯಾಕೇಜ್ ಯಾವ್ದೇ ತೆಗೀರಿ ಮೊದಲ್ನೇ ಜಾಗ ಅದೇ ಇರುತ್ತೆ. ಪಿರಿಯಾಪಟ್ಟಣದವ್ರು ಕೋಪ ಮಾಡ್ಕೋಬೇಕು ನಿಜವಾಗ್ಲೂ.

ಐದೂ ಕಾಲಿಗೆ ಸುಂಟಿಕೊಪ್ಪದಲ್ಲಿ ಇಳಿದ್ವಿ. ಚಿಕ್ಕವ್ವನ ಮಗ ಓಮ್ನಿ ತಂದು ನಿಂತಿದ್ದ, ತಲೆಗೆ ಮಫ್ಲರ್ ಸುತ್ತಿ. ಅವ್ವ ಈಗ ಇರೋದು ಜಂಬೂರಿನ ಪುನರ್ವಸತಿ ಮನೇಲಿ, ಮಾದಾಪುರದ ಹತ್ರ. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆ ನಮ್ಮ ಮನೆ, ಒಂದೂವರೆ ಎಕ್ರೆ ಕಾಫಿ, ಕೊಟ್ಟಿಗೆ ಎಲ್ಲಾ ಹೋಯ್ತು, ಅದನ್ನ ಇಲ್ಲಿ ಪೂರ್ತಿ ಬರಿಯಲ್ಲ. ಅವ್ವ ಹಿಂದಿನ ದಿನನೇ ಅಕ್ಕನ ಮನೆಗೆ ಹೋಗಿದ್ರಿಂದ ಉಳಿದ್ಲು ಅಂದ್ರೆ ಸಾಕು.

ಶನಿವಾರ

ಎದ್ದಾಗ ಒಂಬತ್ತು ಗಂಟೆ. ಬೆಲ್ಲದ ಕಾಫಿ, ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ. ಮಗಳು ಹಿತ್ತಲಿಗೆ ಹೋಗಿ ಬಂದು, ಅಜ್ಜಿ ನಿಮ್ಮ ಗಿಡ ಎಲ್ಲಾ ಯಾಕೆ ಬಕೆಟಲ್ಲಿ ಉಂಟು ಅಂತ ಕೇಳಿದ್ಲು. ಹೌದು, ಆ ಮನೆ ಸುತ್ತ ಒಂದಿಷ್ಟು ಜಾಗ ಉಂಟು, ಅಕ್ಕಪಕ್ಕದವ್ರೆಲ್ಲಾ ಬಾಳೆ, ಪಪ್ಪಾಯಿ, ಒಬ್ರಂತೂ ಅಡಿಕೆ ಸಸಿನೇ ಹಾಕಿದ್ದಾರೆ, ಅವ್ವಂದು ಮಾತ್ರ ಒಡೆದ ಬಕೆಟು, ಪೇಂಟ್ ಡಬ್ಬ, ಅದ್ರಲ್ಲಿ ಕಾಂತಾರಿ ಮೆಣಸು, ದೊಡ್ಡಪತ್ರೆ, ಒಂದು ಗುಲಾಬಿ. ನಾನು ಕೇಳಿದಾಗೆಲ್ಲಾ ಇಲ್ಲಿ ಮಣ್ಣು ಸರಿಯಿಲ್ಲ ಅಂತಾಳೆ. ಪಕ್ಕದವ್ರ ಬಾಳೆಗೊನೆ ಇಷ್ಟುದ್ದ ಬಿಟ್ಟಿದ್ರೂ ಮಣ್ಣು ಸರಿಯಿಲ್ಲ. ಮಗಳಿಗೂ ಅದನ್ನೇ ಹೇಳಿದ್ಲು.

ನಾವು ಬೈಲಕುಪ್ಪೆಗೆ ಹೋಗ್ತೀವಿ ಅಂದಾಗ ಅವ್ವ ಬರ್ತೀನಿ ಅಂತಾಳೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ನಂಗೊಂದು ಸ್ವೆಟರ್ ತಗೋಬೇಕು ಅಂದ್ಲು. ಮೊದ್ಲೆಲ್ಲಾ ಮಡಿಕೇರೀಲಿ ಟಿಬೆಟಿನ ಹೆಂಗಸ್ರು ಸ್ವೆಟರ್ ಮಾರೋರಲ್ಲ, ಅವ್ರ ಹತ್ರನೇ ನಮಗೆಲ್ಲಾ ತಗೊಳ್ತಿದ್ದಿದ್ದು, ನನ್ನ ಪಿಯುಸಿ ಫೋಟೋದಲ್ಲಿರೋ ನೀಲಿ ಸ್ವೆಟರ್ ಅದೇ. ಅವ್ವನ ಹಳೇ ಸ್ವೆಟರ್ರೂ ಮನೆ ಜೊತೆ ಹೋಗಿತ್ತು, ಏಳೆಂಟು ವರ್ಷದಿಂದ ಯಾರೋ ಕೊಟ್ಟ ಜಾಕೆಟಲ್ಲೇ ಚಳಿಗಾಲ ಕಳೀತಿದ್ಲು ಅನ್ನೋದು ನಂಗೆ ಆವತ್ತೇ ಗೊತ್ತಾಗಿದ್ದು. ಎಷ್ಟು ಸಲ ಅಮೆಜಾನಲ್ಲಿ ಏನೇನೋ ಕಳ್ಸಿದ್ದೀನಿ, ಕುಕ್ಕರ್ ಕಳ್ಸಿದ್ದೀನಿ, ಬಿಪಿ ಮೆಷಿನ್ ಕಳ್ಸಿದ್ದೀನಿ, ಸ್ವೆಟರ್ ಹೊಳೀಲೇ ಇಲ್ಲ.

ಮಾದಾಪುರ, ಸುಂಟಿಕೊಪ್ಪ, ಆನೆಕಾಡು ಇಳಿದು ಕುಶಾಲನಗರ. ಮಳೆ ಮುಗಿದ ಹೊಸತು, ಆನೆಕಾಡಿನ ಮರ ಎಲ್ಲಾ ತೊಳೆದಿಟ್ಟ ಪಾತ್ರೆ ಥರ ಹೊಳೀತಿತ್ತು. ಕುಶಾಲನಗರದಲ್ಲಿ ಟ್ರಾಫಿಕ್ಕು. ಲಾಂಗ್ ವೀಕೆಂಡ್ ಅಲ್ವಾ, ಬೆಂಗಳೂರೇ ಎದ್ದು ಬಂದಿತ್ತು, ಸೇತುವೆ ದಾಟೋಕೆ ಇಪ್ಪತ್ತು ನಿಮಿಷ. ಈ ಊರಿಗೆ ಹಳೇ ಹೆಸರು ಫ್ರೇಸರ್‌ಪೇಟೆ, ಬ್ರಿಟಿಷರ ಕಾಲದ ಕರ್ನಲ್ ಫ್ರೇಸರ್ ಹೆಸ್ರಲ್ಲಿ ಇಟ್ಟಿದ್ದು. ಹಳಬರು ಈಗ್ಲೂ ಒಬ್ಬಿಬ್ರು ಹಾಗೇ ಅಂತಾರೆ.

ಕೊಪ್ಪ ಗೇಟಲ್ಲಿ ಬಲಕ್ಕೆ ತಿರುಗಿದ್ರೆ ಪ್ರಪಂಚನೇ ಬದಲಾಗುತ್ತೆ, ಇದು ಎಷ್ಟು ಸಲ ನೋಡಿದ್ರೂ ನಂಗೆ ಬೇಜಾರಾಗಿಲ್ಲ. ರಸ್ತೆ ಎರಡೂ ಕಡೆ ಮೆಕ್ಕೆಜೋಳದ ಹೊಲ, ಅರ್ಧ ಕಟಾವು ಆಗಿತ್ತು, ಟಾರ್ ರಸ್ತೆ ಮೇಲೇ ಹರಡಿ ಒಣಗಿಸ್ತಿದ್ರು, ಓಮ್ನಿ ಒಂದು ಚಕ್ರ ಜೋಳದ ಮೇಲೆ ಹೋಗಿ ತಮ್ಮ ಬೈಸ್ಕೊಂಡ. ಮೆರೂನ್ ಬಟ್ಟೆ ಹಾಕಿದ ಹುಡುಗ್ರು ಮೂರ್ಮೂರು ಜನ ಒಂದೇ ಬೈಕಲ್ಲಿ. ಕಂಬದಿಂದ ಮರಕ್ಕೆ, ಮರದಿಂದ ಮನೆಗೆ ಬಾವುಟದ ಸಾಲು, ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಇದೇ ಕ್ರಮ, ಆಕಾಶ ಗಾಳಿ ಬೆಂಕಿ ನೀರು ಭೂಮಿ ಅಂತ ಲೆಕ್ಕ. ಗಾಳಿ ಬೀಸ್ದಾಗ ಅದ್ರ ಮೇಲಿರೋ ಮಂತ್ರ ಊರೆಲ್ಲಾ ಹರಡುತ್ತೆ ಅನ್ನೋದು ಅವ್ರ ನಂಬಿಕೆ. ಮಗಳು ಕಿಟಕೀಲಿ ಮುಖ ಇಟ್ಟು ನೋಡ್ತಾನೇ ಇದ್ಲು, ಆಮೇಲೆ ಕೇಳಿದ್ಲು, ಪಪ್ಪಾ ಬೆಟ್ಟ ಎಲ್ಲಿ?

ಬೆಟ್ಟ ಇಲ್ಲ. ಇದು ಬಯಲು. ಅವಳಿಗೆ ಮೋಸ ಆದ ಹಾಗಾಯ್ತು, ಪ್ರಾಜೆಕ್ಟಲ್ಲಿ ಇದ್ದ ಹಾಗೆ ಇಲ್ವಲ್ಲ ಅಂತ ಮುಖ ಊದಿಸ್ಕೊಂಡ್ಲು. ಆಗ ನಾನು ನಂಗೆ ಗೊತ್ತಿದ್ದಷ್ಟು ಹೇಳ್ದೆ, ಈ ನಾಮ್‌ಡ್ರೋಲಿಂಗ್ ಮೊನಾಸ್ಟ್ರಿಯ ಮೂಲ ಮಠದ ಹೆಸರು ಪಲ್ಯೂಲ್, ಅದು ಇರೋದು ಟಿಬೆಟಿನ ಪೂರ್ವದ ಖಾಮ್ ಅನ್ನೋ ಸೀಮೇಲಿ, ಬೆಟ್ಟದ ಮೇಲೇ, 1665ರಲ್ಲಿ ಶುರುವಾಗಿದ್ದು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ್ರಲ್ಲ, ಆ ಹೊತ್ತಲ್ಲೇ ಪಲ್ಯೂಲಿನ ಗುರು ಪೆನೊರ್ ರಿಂಪೋಚೆ ಕೂಡ ಜನ ಕಟ್ಕೊಂಡು ಹೊರಟ್ರು. ಹೊರಟವ್ರು ಸುಮಾರು 300 ಜನ, ಬೆಟ್ಟ ದಾಟಿ ಭಾರತ ಮುಟ್ಟಿದ್ದು 30 ಜನರ ಹತ್ರ ಅಂತಾರೆ. ಮಗಳು ಉಳಿದವ್ರು ಏನಾದ್ರು ಅಂತ ಕೇಳಿದ್ಲು. ನಾನು ಸುಮ್ನೆ ಗಾಡಿ ಪಾರ್ಕಿಂಗ್ ತೋರಿಸ್ದೆ. ಹಿಂದಿನ ಸೀಟಲ್ಲಿ ಅವ್ವ ಇದ್ಲು, ಅದು ಆಮೇಲೆ ನೆನಪಾಯ್ತು.

ಪಾರ್ಕಿಂಗಲ್ಲಿ ಜಾಗ ಸಿಗೋಕೆ ಇನ್ನೊಂದು ಹದಿನೈದು ನಿಮಿಷ. ಗೇಟಿನ ಒಳಗೆ ಹೋದ್ಮೇಲೆ ಮಾತ್ರ ಎಂತ ಮಾರಾಯ ಇಷ್ಟು ದೊಡ್ಡ ಅಂಗಳ ಅನ್ಸುತ್ತೆ, ಹುಲ್ಲು, ಹೂವಿನ ಗಿಡ, ಸುತ್ತ ಹುಡುಗ್ರ ಹಾಸ್ಟೆಲ್ ಕಟ್ಟಡಗಳು, ಒಣಹಾಕಿದ ಮೆರೂನ್ ಬಟ್ಟೆ. ನಾಮ್‌ಡ್ರೋಲಿಂಗ್ ಇಲ್ಲಿ ಶುರುವಾಗಿದ್ದು 1963ರಲ್ಲಿ, ಬಿದಿರು ಕಟ್ಟಿದ ಒಂದು ಸಣ್ಣ ಗುಡಿ. ಈಗ ಜನ ನೋಡೋಕೆ ಬರೋ ದೊಡ್ಡ ಮಂದಿರ ದಲೈ ಲಾಮಾ ಉದ್ಘಾಟನೆ ಮಾಡಿದ್ದು 1999ರಲ್ಲಿ. ನಾನು ಚಿಕ್ಕವನಿದ್ದಾಗ ಈ ಗೋಲ್ಡನ್ ಟೆಂಪಲ್ ಅನ್ನೋ ಹೆಸ್ರೇ ಇರ್ಲಿಲ್ಲ, ಬೈಲಕುಪ್ಪೆ ಕ್ಯಾಂಪ್ ಅಂತಿದ್ವಿ ಅಷ್ಟೆ.

ಒಳಗೆ ಮೂರು ಮೂರ್ತಿ. ಮಧ್ಯದಲ್ಲಿ ಶಾಕ್ಯಮುನಿ ಬುದ್ಧ, 60 ಅಡಿ. ಆ ಕಡೆ ಈ ಕಡೆ ಪದ್ಮಸಂಭವ ಮತ್ತೆ ಅಮಿತಾಯು, ತಲಾ 58 ಅಡಿ. ತಾಮ್ರದಲ್ಲಿ ಮಾಡಿ ಮೇಲೆ ಚಿನ್ನದ ಲೇಪ. ಮೂರ್ತಿ ಒಳಗಡೆ ಗ್ರಂಥಗಳು, ಸಣ್ಣ ಮಣ್ಣಿನ ಸ್ತೂಪಗಳು ಎಲ್ಲಾ ತುಂಬ್ಸಿದ್ದಾರಂತೆ, ಅಂದ್ರೆ ಟೊಳ್ಳಲ್ಲ. ಪದ್ಮಸಂಭವ ಎಂಟನೇ ಶತಮಾನದಲ್ಲಿ ಟಿಬೆಟಿಗೆ ಬೌದ್ಧ ಧರ್ಮ ತಗೊಂಡು ಹೋದವ್ರು, ಅವ್ರನ್ನ ಗುರು ರಿಂಪೋಚೆ ಅಂತಾರೆ, ಈ ಮಠದ ಪಂಥ ನ್ಯಿಂಗ್ಮಾ, ಅಲ್ಲಿನ ನಾಲ್ಕು ಮುಖ್ಯ ಪಂಥಗಳಲ್ಲಿ ಎಲ್ಲಕ್ಕಿಂತ ಹಳೇದು. ಅಮಿತಾಯು ಅಂದ್ರೆ ಆಯಸ್ಸು ಕೊಡೋ ಬುದ್ಧ. ಇದನ್ನ ಹೇಳಿದ್ದೇ ತಡ ಅವ್ವ ಆ ಮೂರ್ತಿ ಎದ್ರಿಗೆ ಹೋಗಿ ನಿಂತು ಮಗಳ ತಲೆ ಮುಟ್ಟಿ ಏನೋ ಅಂದ್ಕೊಂಡ್ಲು. ಆಮೇಲೆ ಮಂಗಳಾರತಿ ಎಷ್ಟು ಗಂಟೆಗೆ ಅಂತ ನನ್ನ ಕೇಳಿದ್ಲು. ಇಲ್ಲಿ ಅದೆಲ್ಲಾ ಇಲ್ಲ ಅವ್ವ ಅಂದೆ. ತೀರ್ಥ? ಅದೂ ಇಲ್ಲ. ಹಾಗಾದ್ರೆ ಕೂತ್ಕೊಳ್ಳುವ ಅಂತ ಗೋಡೆ ಪಕ್ಕ ನೆಲದ ಮೇಲೆ ಕೂತೇ ಬಿಟ್ಲು.

ಸುತ್ತ ಜನ ಜಂಗುಳಿ. ಸೆಲ್ಫಿ ತೆಗಿಯೋರು, ಮಗೂನ ಭುಜದ ಮೇಲೆ ಕೂರ್ಸ್ಕೊಂಡು ಬುದ್ಧನ್ನ ಫ್ರೇಮಿಗೆ ತರೋರು, ಒಬ್ರು ವಿಡಿಯೋ ಕಾಲಲ್ಲಿ ಇಡೀ ಮಂದಿರ ಯಾರಿಗೋ ತೋರಿಸ್ತಾ ಜೋರಾಗಿ ಕಾಮೆಂಟ್ರಿ ಕೊಡ್ತಿದ್ರು. ನಾನು ಬೇರೆ ದಿನ ಆಗಿದ್ರೆ ಅಷ್ಟೊತ್ತಿಗೆ ಮೊಮೊ ಅಂಗಡೀಲಿ ಇರ್ತಿದ್ದೆ. ಅವ್ವ ಏಳ್ಲಿಲ್ಲ. ಕಂಬಗಳಿಗೆ ಸುತ್ತಿಕೊಂಡಿರೋ ಡ್ರ್ಯಾಗನ್ನು, ಗೋಡೆ ತುಂಬಾ ಬಿಡಿಸಿರೋ ಚಿತ್ರ, ಅದ್ರಲ್ಲಿ ಕೆಲವು ದೇವ್ರು ಶಾಂತ, ಕೆಲವು ನಮ್ಮ ಗುಳಿಗ ಪಂಜುರ್ಲಿಗಿಂತ ಉಗ್ರ, ಅದನ್ನೆಲ್ಲಾ ಒಂದೊಂದಾಗಿ ನೋಡ್ತಾ ಕೂತ್ಲು. ಇವ್ರ ಹತ್ರನೂ ಭೂತ ಉಂಟಲ್ಲ ಅಂದ್ಲು, ಒಂಥರ ಸಮಾಧಾನದಲ್ಲಿ.

ಹೊರಗೆ ಪ್ರಾರ್ಥನಾ ಚಕ್ರಗಳ ಸಾಲು. ಓಂ ಮಣಿ ಪದ್ಮೇ ಹೂಂ ಅಂತ ಬರ್ದಿರೋ ಉರುಳೆ, ಒಳಗೆ ಮಂತ್ರದ ಕಾಗದ ಸುತ್ತಿಟ್ಟಿರ್ತಾರೆ, ಒಂದ್ಸಲ ತಿರುಗಿಸಿದ್ರೆ ಅಷ್ಟೂ ಓದಿದ ಪುಣ್ಯ. ನಮ್ಮ ಪ್ರದಕ್ಷಿಣೆ ಥರಾನೇ ಬಲಗಡೆ ಇಟ್ಕೊಂಡು ಹೋಗ್ಬೇಕು. ಎದುರಿಂದ ಒಂದು ಗುಂಪು ಉಲ್ಟಾ ಬರ್ತಾ ಚಕ್ರಾನೆಲ್ಲಾ ಹಿಂದೆ ತಿರುಗಿಸ್ತಿತ್ತು, ಜಪಮಾಲೆ ಹಿಡಿದ ಒಬ್ರು ಮುದುಕರು ಏನೂ ಮಾತಾಡ್ದೆ ಬರೀ ಕೈ ಸುತ್ತಿಸಿ ತೋರ್ಸಿದ್ರು. ಗುಂಪಿನವ್ರು ಅದನ್ನ ನಮಸ್ಕಾರ ಅಂದ್ಕೊಂಡು ವಾಪಸ್ ಕೈ ಬೀಸಿ ಹಾಗೇ ಹೋದ್ರು. ಮುದುಕರು ನಕ್ಕು ಮತ್ತೆ ಜಪ ಶುರು ಮಾಡಿದ್ರು.

ಊಟದ ವಿಷಯ ಬೇಗ ಮುಗಿಸ್ತೀನಿ ಯಾಕಂದ್ರೆ ಹೇಳೋ ಥರ ಇರ್ಲಿಲ್ಲ. ರಶ್ ಇದ್ದ ಒಂದು ಹೋಟೆಲಲ್ಲಿ ಥುಕ್ಪಾ ಹೇಳಿದ್ವಿ, ಮುಕ್ಕಾಲು ಗಂಟೆ ಕಾಯ್ಸಿ ಬಿಸಿನೀರಲ್ಲಿ ನೂಡಲ್ಸ್ ಹಾಕಿದ ಹಾಗಿರೋದನ್ನ ತಂದಿಟ್ರು. ಮೊಮೊ ಪರ್ವಾಗಿಲ್ಲ. ಅವ್ವ ಮೊಮೊ ನೋಡಿ ಇದು ಕಡುಬಲ್ವಾ, ಒಳಗೆ ತುಂಬಿಸಿದ್ದಾರೆ ಅಷ್ಟೆ ಅಂದ್ಲು, ಎರಡು ತಿಂದ್ಲು, ಖಾರದ ಚಟ್ನಿ ಮಾತ್ರ ಇನ್ನೊಂದು ಸಲ ಕೇಳಿ ಹಾಕಿಸ್ಕೊಂಡ್ಲು.

ಆಮೇಲೆ ಸ್ವೆಟರ್. ದೊಡ್ಡ ಕಾಂಪ್ಲೆಕ್ಸಲ್ಲಿ ಬೇಡ, ರೇಟ್ ಜಾಸ್ತಿ ಅಂತ ತಮ್ಮ ಸ್ವಲ್ಪ ಒಳಗಡೆ ರಸ್ತೇಲಿ ಒಂದು ಸಣ್ಣ ಅಂಗಡಿಗೆ ಕರ್ಕೊಂಡು ಹೋದ. ಅರ್ಧ ಮನೆ ಅರ್ಧ ಅಂಗಡಿ. ಎಪ್ಪತ್ತರ ಹತ್ರದ ಒಬ್ರು ಹೆಂಗಸು, ಉದ್ದ ಲಂಗದಂಥ ಚುಪಾ, ಅದ್ರ ಮೇಲೆ ಪಟ್ಟೆಪಟ್ಟೆ ಏಪ್ರನ್, ಎರಡು ಜಡೆ. ಬಾಯಿ ಬಿಟ್ರೆ ಅಪ್ಪಟ ಪಿರಿಯಾಪಟ್ಟಣದ ಕನ್ನಡ. ಬನ್ನಿ ಕಣವ್ವ ಒಳೀಕೆ, ಕುಂತ್ಕಳಿ ಅಂದ್ರು. ನಮ್ಮವ್ವನಿಗೆ ಫುಲ್ ಖುಷಿ, ಯಾಕಂದ್ರೆ ಹಿಂದಿಲೋ ಇಂಗ್ಲಿಷಲ್ಲೋ ಮಾತಾಡ್ಬೇಕಾಗುತ್ತೆ ಅಂತ ಒಳಗೇ ಹೆದ್ರಿದ್ಲು.

ಅಂಗಡಿ ತುಂಬಾ ಮೂಟೆ. ಸೀಸನ್ ಶುರು, ಇನ್ನೊಂದು ಹತ್ತು ದಿನದಲ್ಲಿ ಮಗ ಸೊಸೆ ಸ್ವೆಟರ್ ಮಾರೋಕೆ ಹೊರಡ್ತಾರೆ, ವಾಪಸ್ ಬರೋದು ಜನವರಿ ಹೊತ್ತಿಗೆ. ಇಲ್ಲಿ ತುಂಬಾ ಮನೆಯವ್ರದ್ದು ಇದೇ ಕತೆ, ಜೋಳದ ಕೆಲಸ ಮುಗಿದ ಮೇಲೆ ಚಳಿಗಾಲಕ್ಕೆ ಸ್ವೆಟರ್ ವ್ಯಾಪಾರ, ಆಗ ಕ್ಯಾಂಪಲ್ಲಿ ಮುದುಕರು ಮಕ್ಕಳು ಲಾಮಾಗಳು ಅಷ್ಟೇ ಉಳಿಯೋದು. ಅವ್ವ ಒಂದು ಕಂದು ಬಣ್ಣದ್ದು ಎತ್ಕೊಂಡು ಇದು ನೀವೇ ಹೆಣೆದಿದ್ದಾ ಅಕ್ಕ ಅಂದ್ಲು. ಅಯ್ಯೋ ಎಲ್ಲಿ ಬುಡವ್ವ, ಲುಧಿಯಾನದ ಮಾಲು ಅಂದ್ರು ಅವ್ರು. ನಲವತ್ತು ವರ್ಷದಿಂದ ಟಿಬೆಟಿನ ಕೈ ಹೆಣಿಗೆ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದ್ಲು ನಮ್ಮವ್ವ. ಅವಳ ಮುಖ ನೋಡ್ಬೇಕಿತ್ತು.

ಮಗಳು ಬಿಡ್ಲಿಲ್ಲ, ಅವ್ರನ್ನೂ ಕೇಳಿದ್ಲು, ಅಜ್ಜಿ ಇಲ್ಲಿ ಬೆಟ್ಟ ಯಾಕಿಲ್ಲ ಅಂತ. ಬೆಟ್ಟ ನಿಮ್ಮೂರಲ್ಲೇ ಅದಲ್ಲವ್ವ, ಇಲ್ಲಿಗ್ಯಾಕ್ ಬಂದೆ ಅಂದ್ರು. ಆಮೇಲೆ ಯಾವೂರು ಅಂತ ಅವ್ವನ ಕೇಳಿದ್ರು.

ಮಕ್ಕಂದೂರು, ಮಡಿಕೇರಿ ಹತ್ರ.

ಗುಡ್ಡ ಕುಸೀತಲ್ಲ, ಆ ಕಡೆನಾ?

ಹೂಂ, ಅದೇ.

ಮನೆ ಅದಾ?

ಇಲ್ಲ.

ತ್ವಾಟ?

ಅದೂ ಇಲ್ಲ ಅಕ್ಕ. ಏನ್ ಮಾಡ್ದು.

ಇಂಥ ಹೊತ್ತಲ್ಲಿ ಎಲ್ರೂ ಅಯ್ಯೋ ಪಾಪ ಅಂತಾರೆ, ದೇವ್ರಿದ್ದಾನೆ ಅಂತಾರೆ, ಅವ್ವನಿಗೆ ಅದು ಕೇಳಿ ಕೇಳಿ ಸಾಕಾಗಿದೆ. ಈ ಹೆಂಗಸು ಅದೇನೂ ಅನ್ಲಿಲ್ಲ. ಒಳಗೆ ಹೋಗಿ ಫ್ಲಾಸ್ಕ್ ತಂದು ಉಪ್ಪು ಬೆಣ್ಣೆ ಹಾಕಿದ ಟೀ ಬಗ್ಗಿಸಿ ಕೊಟ್ರು, ನಾನು ಒಂದು ಗುಟುಕು ಕುಡಿದು ಇಟ್ಟೆ, ಅವ್ವ ಪೂರ್ತಿ ಕುಡಿದ್ಲು, ಗಂಜಿ ತಿಳಿ ಹಾಗೆ ಉಂಟು ಅಂತ. ಆಮೇಲೆ ಇಬ್ರೂ ಮಾತಿಗೆ ಕೂತ್ರು, ನಾವು ಮೂರು ಜನ ಲೆಕ್ಕಕ್ಕೇ ಇಲ್ಲ.

ಅವ್ರು ಬಂದಾಗ ಏಳೋ ಎಂಟೋ ವರ್ಷ ಇರ್ಬೋದಂತೆ, ಹುಟ್ಟಿದ ತಾರೀಕು ಯಾರು ಬರ್ದಿಟ್ಟಿದ್ರು. ಮೊದ್ಲು ಉತ್ತರದಲ್ಲೆಲ್ಲೋ ರಸ್ತೆ ಕೆಲಸ, ಅಪ್ಪ ಅಮ್ಮ ಕಲ್ಲು ಒಡೀತಿದ್ರು. ಆಮೇಲೆ ರೈಲಲ್ಲಿ ಮೈಸೂರು, ಅಲ್ಲಿಂದ ಲಾರೀಲಿ ಇಲ್ಲಿಗೆ. 1960ರ ಹೊತ್ತಿಗೆ ಆಗಿನ ಮೈಸೂರು ಸರ್ಕಾರ ಇವ್ರಿಗೆ ಅಂತ ಸುಮಾರು 3000 ಎಕ್ರೆ ಕೊಟ್ಟಿತ್ತು, ಭಾರತದಲ್ಲಿ ಟಿಬೆಟಿನವ್ರ ಮೊದಲ ದೊಡ್ಡ ವಸತಿ ಇದೇ. ಕೊಟ್ಟಿದ್ದು ಅಂದ್ರೆ ಕಾಡು. ಟೆಂಟ್ ಹಾಕ್ಕೊಂಡು ಮರ ಕಡ್ದು ಬೇರು ಕಿತ್ತು ಹೊಲ ಮಾಡಿದ್ದು. ಹಗಲು ಬಿಸಿಲು, ಅಂಥ ಬಿಸಿಲು ಅವ್ರ ಅಪ್ಪ ಅಮ್ಮ ಜನ್ಮದಲ್ಲಿ ಕಂಡಿರ್ಲಿಲ್ಲ, ರಾತ್ರಿ ಆನೆ. ಆನೆ ಅನ್ನೋ ಪ್ರಾಣಿನೇ ನೋಡಿರ್ಲಿಲ್ಲ ನಾವು, ಡಬ್ಬ ಬಡೀತಾ ಕೂರೋದು, ನಮ್ಮಮ್ಮ ಅಳೋದು ಅಂದ್ರು. ಆನೆ ವಿಷಯ ಬಂದದ್ದೇ ಅವ್ವನೂ ಶುರು ಮಾಡಿದ್ಲು, ನಮ್ಮ ತೋಟಕ್ಕೆ ಹಲಸಿನ ಹಣ್ಣಿನ ಕಾಲದಲ್ಲಿ ಬರ್ತಿದ್ದ ಒಂಟಿ ಸಲಗದ ಕತೆ. ಈ ಕತೆ ಗುಡ್ಡ ಜರಿದ ಮೇಲೆ ಅವಳ ಬಾಯಲ್ಲಿ ನಾನು ಕೇಳೇ ಇರ್ಲಿಲ್ಲ.

ಮೊದ್ಲು ಎಂತ ನೆಟ್ರಿ ಅಕ್ಕ ಅಂತ ಕೇಳಿದ್ಲು ಅವ್ವ. ಜೋಳ. ಮತ್ತೆ? ತರಕಾರಿ. ಮರ? ಆ ಹೆಂಗಸು ನಗೋಕೆ ಶುರು ಮಾಡಿದ್ರು. ಮರ ನೆಡಕ್ಕೆ ನಮ್ಮಪ್ಪ ಬುಡ್ನೇ ಇಲ್ಲ ಕಣವ್ವ. ಮುಂದಿನ ವರ್ಸ ಊರಿಗೆ ಹೋಗದು, ಮುಂದಿನ ವರ್ಸ ಹೋಗದು ಅಂತ. ಯಾರೋ ಒಂದು ಮಾವಿನ ಸಸಿ ತಂದು ಕೊಟ್ರೆ, ಇದು ಕಾಯಿ ಬುಡಕ್ಕೆ ಐದಾರು ವರ್ಸ ಬೇಕು, ಅಲ್ಲೀಗಂಟ ಇಲ್ಲಿ ಯಾರು ಇರ್ತಾರೆ ಅಂತ ವಾಪಸ್ ಕಳಿಸ್ಬುಟ್ಟ. ತಂದಿದ್ದ ಪೆಟ್ಟಿಗೆನೂ ಪೂರ್ತಿ ಬಿಚ್ಲಿಲ್ಲ. ಹಂಗೇ ಇಪ್ಪತ್ತು ವರ್ಸ ಇದ್ದ. ಅವ್ನು ಹೋದ ಮ್ಯಾಲೆ ನಮ್ಮಮ್ಮ ನೆಟ್ಲು. ಅಗೋ, ಅದೇ.

ಹಿತ್ತಲಲ್ಲಿ ಒಂದು ಭಾರೀ ಮಾವಿನ ಮರ, ಕೊಂಬೆಯಿಂದ ಕೊಂಬೆಗೆ ಬಾವುಟ ಕಟ್ಟಿತ್ತು.

ಹಣ್ಣು ಹೇಗೆ ಉಂಟು? ಅವ್ವ ಕೇಳಿದ್ಲು.

ಹುಳಿ ಕಣವ್ವ. ಕೋತಿನೂ ತಿನ್ನಲ್ಲ, ಬರೀ ಕಿತ್ತು ಬಿಸಾಕ್ತವೆ.

ಅವ್ವ ಜೋರಾಗಿ ನಕ್ಕಿದ್ದು ಎಷ್ಟು ವರ್ಷ ಆದ್ಮೇಲೋ. ಬಾಯಿಗೆ ಸೆರಗು ಹಿಡ್ಕೊಂಡು, ಕಣ್ಣಲ್ಲಿ ನೀರು ಬರೋ ಅಷ್ಟು. ಹುಳಿ ಮಾವಿನಕಾಯಿಯಲ್ಲಿ ಉಪ್ಪಿನಕಾಯಿ ಹಾಕ್ಬೋದು ಅಕ್ಕ, ನಾನು ಹೇಳ್ಕೊಡ್ತೇನೆ ಅಂತ ಫೋನ್ ನಂಬರ್ ಬೇರೆ ಕೊಟ್ಲು. ಕಂದು ಸ್ವೆಟರಿಗೆ ನೂರು ರೂಪಾಯಿ ಚೌಕಾಸಿ ಮಾಡೋದನ್ನ ಮಾತ್ರ ಮರೀಲಿಲ್ಲ, ನಂಗೂ ಒಂದು ಬೂದು ಬಣ್ಣದ್ದು ತೆಗೆದ್ಲು, ನಾನೇ ದುಡ್ಡು ಕೊಟ್ಟೆ.

ಹೊರಡುವಾಗ ನಾಲ್ಕೂವರೆ. ಇನ್ನೂ ಸ್ವಲ್ಪ ದೂರದಲ್ಲಿ ಸೆರಾ ಅಂತ ಇನ್ನೊಂದು ದೊಡ್ಡ ಮೊನಾಸ್ಟ್ರಿ ಉಂಟು, ಲಾಸಾ ಹತ್ರ 1419ರಲ್ಲಿ ಶುರುವಾದ ಸೆರಾ ಮಠನೇ ಇಲ್ಲಿ ಮತ್ತೆ ಕಟ್ಟಿರೋದು, ಅಲ್ಲಿಗೆ ಟೂರಿಸ್ಟು ಅಷ್ಟಾಗಿ ಹೋಗಲ್ಲ. ಸಂಜೆ ಹೊತ್ತು ಅಂಗಳದಲ್ಲಿ ಲಾಮಾಗಳು ಚಪ್ಪಾಳೆ ಹೊಡ್ದು ಹೊಡ್ದು ವಾದ ಮಾಡೋದನ್ನ ಮಗಳಿಗೆ ತೋರಿಸ್ಬೇಕು ಅಂತ ನನ್ನ ಆಸೆ, ಆದ್ರೆ ಅವಳು ಅಷ್ಟೊತ್ತಿಗೆ ಓಮ್ನಿಯಲ್ಲಿ ಅಜ್ಜಿ ತೊಡೆ ಮೇಲೆ ನಿದ್ದೆ. ಬಿಟ್ವಿ.

ಭಾನುವಾರ

ಮಗಳಿಗೆ ಬೆಟ್ಟ ತೋರಿಸ್ಲೇಬೇಕಿತ್ತಲ್ಲ, ತಲಕಾವೇರಿಗೆ ಹೋಗೋದು ಅಂತ ಆಯ್ತು. ತುಲಾ ಸಂಕ್ರಮಣಕ್ಕೆ ಇನ್ನು ಎರಡು ವಾರ ಇಲ್ಲ, ಆಮೇಲೆ ಜನ ಜಾತ್ರೆ, ಈಗ್ಲೇ ಹೋಗಿ ಬರುವ ಅಂತ ಅವ್ವನೂ ಅಂದ್ಲು.

ಇಲ್ಲೊಂದು ವಿಷಯ ಹೇಳ್ಬೇಕು. ಜಂಬೂರಿಂದ ಮಡಿಕೇರಿಗೆ ಎರಡು ದಾರಿ. ಒಂದು ಹಟ್ಟಿಹೊಳೆ, ಮಕ್ಕಂದೂರು ಮೇಲೆ ಸೀದಾ. ಇನ್ನೊಂದು ಸುಂಟಿಕೊಪ್ಪಕ್ಕೆ ಬಂದು ಹೈವೇ ಹಿಡಿಯೋದು. ಅವ್ವ ಗಾಡೀಲಿದ್ರೆ ನಾವು ಯಾವತ್ತೂ ಸುಂಟಿಕೊಪ್ಪದ ಮೇಲೇ. ಯಾರೂ ಮಾತಾಡ್ಕೊಂಡು ಮಾಡಿದ ನಿಯಮ ಅಲ್ಲ. ಮೊದಲ ಸಲ ತಮ್ಮ ಮಕ್ಕಂದೂರು ಕಡೆ ತಿರುಗ್ಸಿದಾಗ ಅವಳಿಗೆ ವಾಂತಿ ಆಯ್ತು, ಅಲ್ಲಿಂದ ಆಮೇಲೆ ಅಷ್ಟೆ. ಆಸ್ಪತ್ರೆಗೆ ಹೋಗೋದಾದ್ರೂ ಸುತ್ತು ದಾರಿನೇ.

ಅವತ್ತು ಮಾದಾಪುರ ಬರ್ತಿದ್ದ ಹಾಗೆ ತಮ್ಮ ಇಂಡಿಕೇಟರ್ ಹಾಕಿ ಸುಂಟಿಕೊಪ್ಪದ ಕಡೆ ತಿರುಗ್ಸಿಯೂ ಆಗಿತ್ತು. ಹಿಂದಿನಿಂದ ಅವ್ವ, ಹಟ್ಟಿಹೊಳೆ ಮೇಲೆ ಹೋಗುವ ಮಗ ಅಂದ್ಲು. ತಮ್ಮ ಕನ್ನಡೀಲಿ ನನ್ನ ಮುಖ ನೋಡ್ದ. ನಾನು ಏನೂ ಅನ್ಲಿಲ್ಲ. ದೊಡ್ಡವ್ವ, ರಸ್ತೆ ಹಾಳಾಗುಂಟು ಅಂದ ಅವ್ನು, ಸುಳ್ಳು. ಇರ್ಲಿ ಹೋಗು ಅಂದ್ಲು.

ಹಟ್ಟಿಹೊಳೆ ದಾಟಿದ ಮೇಲೆ ರಸ್ತೆ ಈಗ ಹೊಸದು, ಕೆಲವು ಕಡೆ ಪಕ್ಕಕ್ಕೆ ದೊಡ್ಡ ದೊಡ್ಡ ಕಾಂಕ್ರೀಟ್ ತಡೆಗೋಡೆ. ಗುಡ್ಡ ಜರಿದ ಜಾಗ ಮೊದ್ಲು ಕೆಂಪು ಗಾಯದ ಥರ ಕಾಣ್ತಿತ್ತು, ಈಗ ಹಸಿರು ಹತ್ತಿದೆ, ಕಮ್ಯುನಿಸ್ಟ್ ಗಿಡ, ಲಾಂಟಾನ, ಹುಲ್ಲು. ಗೊತ್ತಿಲ್ದವ್ರು ನೋಡಿದ್ರೆ ಎಂಥ ಚಂದದ ಗುಡ್ಡ ಅಂತ ಗಾಡಿ ನಿಲ್ಸಿ ಫೋಟೋ ತೆಗೀತಾರೆ, ನಾವು ಹೋದಾಗ್ಲೂ ಇಬ್ರು ಬೈಕಿನವ್ರು ತೆಗೀತಿದ್ರು. ನಮ್ಮ ಜಾಗದ ಎದುರಿನ ತಿರುವಲ್ಲಿ ಅವ್ವ ನಿಲ್ಸು ಅಂದ್ಲು. ಇಳಿದ್ಲು. ಕೆಳಗೆ ಹೊಳೆ, ಆ ಕಡೆ ಇಳಿಜಾರು, ಅದ್ರಲ್ಲಿ ಮನೆ ಎಲ್ಲಿತ್ತು ಅಂತ ಹೇಳೋಕೆ ನಂಗೂ ಆಗಲ್ಲ, ಒಂದು ನೆಲವೇ ಉಳಿದಿಲ್ಲ, ಗುಡ್ಡದ ಆಕಾರನೇ ಬೇರೆ. ಎರಡು ಸಿಲ್ವರ್ ಓಕ್ ಮಾತ್ರ ಒಂದು ಪಕ್ಕ ವಾಲ್ಕೊಂಡು ನಿಂತಿದ್ವು, ಅದು ನಮ್ಮವಾ ಪಕ್ಕದ ತೋಟದವಾ ಗೊತ್ತಿಲ್ಲ.

ಅವ್ವ ಹೊಸ ಸ್ವೆಟರ್ ಹಾಕ್ಕೊಂಡಿದ್ಲು. ಮಗಳು ಅಜ್ಜಿ ಮನೆ ಎಲ್ಲಿತ್ತು ಅಂತ ಕೇಳಿದ್ಲು, ಅವ್ವ ಕೈ ತೋರ್ಸಿ ಅಲ್ಲಿ ಅಂಗಳ, ಅಲ್ಲಿ ಕಣ, ಆ ಕಲ್ಲಿನ ಮೇಲ್ಗಡೆ ಕಿತ್ತಳೆ ಮರ ಇತ್ತು ಮೂರು ಅಂತ ಹೇಳ್ತಾ ಹೋದ್ಲು, ಗಾಳೀಲಿ ಬೆರಳಲ್ಲಿ ಗೆರೆ ಎಳ್ದ ಹಾಗೆ. ಹೊಳೆ ಇಷ್ಟು ಅಗಲ ಇತ್ತಾ ಮಗ ಅಂತ ನನ್ನ ಕೇಳಿದ್ಲು. ಇಲ್ಲ ಅವ್ವ, ಆಮೇಲೆ ಆಗಿದ್ದು ಅಂದೆ. ಫ್ಲಾಸ್ಕಿಂದ ಕಾಫಿ ಬಗ್ಗಿಸಿ ಎಲ್ರೂ ಅಲ್ಲೇ ನಿಂತ್ಕೊಂಡು ಕುಡಿದ್ವಿ. ಹತ್ತು ನಿಮಿಷ ಇರ್ಬೋದು. ವಾಂತಿ ಏನೂ ಆಗ್ಲಿಲ್ಲ. ಹೊರಡುವ, ಹೊತ್ತಾಯ್ತು ಅಂದ್ಲು.

ತಲಕಾವೇರಿ ಬಗ್ಗೆ ಬರೆಯೋಕೆ ಹೊರಟ್ರೆ ಅದೇ ಬೇರೆ ಕತೆ. ಭಾಗಮಂಡಲದಲ್ಲಿ ಸಂಗಮ ನೋಡಿದ್ವಿ, ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ, ಮಳೆಗಾಲದಲ್ಲಿ ಪ್ರತಿ ವರ್ಷ ಮುಳುಗ್ತಿದ್ದ ಜಾಗದ ಮೇಲೆ ಈಗ ಮೇಲ್ಸೇತುವೆ ಮಾಡಿದ್ದಾರೆ. ಅಲ್ಲಿಂದ 8 ಕಿಲೋಮೀಟರ್ ಮೇಲೆ ಹತ್ತಿದ್ರೆ ತಲಕಾವೇರಿ, ಸಮುದ್ರಮಟ್ಟದಿಂದ 1276 ಮೀಟರ್. ಮಂಜು ಹೇಗಿತ್ತು ಅಂದ್ರೆ ಕುಂಡಿಕೆ ಎದ್ರಿಗೆ ನಿಂತವ್ರಿಗೆ ಕೊಳದ ಆ ಕಡೆ ಇರೋರು ಕಾಣ್ತಿರ್ಲಿಲ್ಲ. ಅಷ್ಟು ಪುಟ್ಟ ಕುಂಡಿಕೆಯಿಂದ ಇಡೀ ಕಾವೇರಿ ಅಂದ್ರೆ ಮಗಳು ನಂಬ್ಲಿಲ್ಲ, ನಿನ್ನೆ ಸೇತುವೆ ಕೆಳಗೆ ನೋಡಿದ್ದು ಇದೇನಾ ಅಂತ ಮೂರು ಸಲ ಕೇಳಿದ್ಲು. ಇದೇ. ಇದೇ ನೀರು ಕುಶಾಲನಗರಕ್ಕೂ ಹೋಗೋದು, ಬೆಂಗಳೂರಲ್ಲಿ ನಮ್ಮ ನಲ್ಲಿಗೂ ಬರೋದು. ಒಂದು ನಿಮಿಷ ಮಂಜು ಸರಿದು ಬ್ರಹ್ಮಗಿರಿ ಪೂರ್ತಿ ಕಂಡಿತು, ಆಗ ಮಾತ್ರ ಅವಳು ಬಾಯಿ ಮುಚ್ಚಿದ್ದು. ಫೋಟೋ ತೆಗೆಯೋ ಅಷ್ಟರಲ್ಲಿ ಮತ್ತೆ ಮುಚ್ಕೊಳ್ತು.

ರಾತ್ರಿ ಹತ್ತೂ ಕಾಲಿಗೆ ಸುಂಟಿಕೊಪ್ಪದಲ್ಲಿ ಬಸ್ಸು. ಅವ್ವ ಒಂದು ಬಾಟ್ಲಿ ಕಣಿಲೆ ಉಪ್ಪಿನಕಾಯಿ, ಕಾಂತಾರಿ ಮೆಣಸು, ಒಂದು ಕೆಜಿ ಕಾಫಿಪುಡಿ ತುರುಕಿ ಕಳ್ಸಿದ್ಲು.

ಮಂಗಳವಾರ ಬೆಳಗ್ಗೆ ಆಫೀಸಿಗೆ ಹೊರಡುವಾಗ ಬೂದು ಸ್ವೆಟರ್ ಹಾಕಿ ನೋಡಿದ್ರೆ ಹೊಟ್ಟೆ ಹತ್ರ ಬಿಗಿ, ತೋಳು ಮೊಣಕೈಗಿಂತ ಸ್ವಲ್ಪ ಕೆಳಗೆ ಬಂದು ನಿಂತಿತ್ತು. ಅವ್ವನಿಗೆ ಫೋನ್ ಮಾಡಿ ಹೇಳ್ದೆ. ಅವಳು ಆಗ್ಲೇ ಆ ಅಕ್ಕನ ಜೊತೆ ಎರಡು ಸಲ ಮಾತಾಡಿ ಆಗಿತ್ತು, ಉಪ್ಪಿನಕಾಯಿಗೆ ಉಪ್ಪು ಎಷ್ಟು ಅಂತ ಕೇಳೋಕೆ ಅವ್ರೇ ಮಾಡಿದ್ರಂತೆ, ಮಾವಿನಕಾಯಿ ಕಾಲ ಬರೋಕೆ ಇನ್ನು ಆರು ತಿಂಗಳಿದ್ರೂ. ಮಗ ಸೊಸೆ ಜನವರೀಲಿ ವಾಪಸ್ ಬರ್ತಾರಂತೆ, ಆಗ ಬಂದ್ರೆ ದೊಡ್ಡ ಸೈಜ್ ಕೊಡ್ತಾರಂತೆ, ಅಲ್ಲಿವರೆಗೆ ಅದನ್ನ ಒಗೀಬೇಡ, ಚೀಟಿ ಕಿತ್ತು ಬಿಸಾಡ್ಬೇಡ ಅಂದ್ಲು.